ಎಲ್ಲ ವಿಮಾನ ಸುಟ್ಟ ಮೇಲೂ ಒಬ್ಬನೇ ಹೊರಟ ಸ್ಕಾರ್ಫ್: ಧೈರ್ಯವಾ, ಹಟವಾ?

ಮಲೆನಾಡ_ಬಾನಾಡಿ

ಯುದ್ಧ ವಿಮಾನಗಳ ಮಾತು ಬಂದಾಗೆಲ್ಲ ಇಲ್ಲಿ ಫೈಟರ್ ಪೈಲಟ್‌ಗಳದ್ದೇ ಮೇಲುಗೈ. ಬಾಂಬರ್ ಓಡಿಸಿದವರ ಹೆಸರು ಯಾರೂ ಎತ್ತೋದಿಲ್ಲ. ಅದಕ್ಕೇ ಈ ಚರ್ಚೆಯ ಎಳೆ.

ಆರ್ಥರ್ ಸ್ಕಾರ್ಫ್. ಬ್ರಿಟನ್ನಿನ ವಾಯುಪಡೆಯ 62ನೇ ಸ್ಕ್ವಾಡ್ರನ್. ವಯಸ್ಸು 28. ಓಡಿಸುತ್ತಿದ್ದದ್ದು ಬ್ರಿಸ್ಟಲ್ ಬ್ಲೆನ್‌ಹೈಮ್, ಎರಡು ಎಂಜಿನ್‌ನ ಹಗುರ ಬಾಂಬರ್.

1941ರ ಡಿಸೆಂಬರ್ 8ರ ನಸುಕಿಗೆ ಜಪಾನ್ ಮಲಯಾಕ್ಕೆ (ಆಗ ಬ್ರಿಟಿಷರ ಕೈಲಿದ್ದ, ಈಗಿನ ಮಲೇಷ್ಯಾದ ಭಾಗ) ನುಗ್ಗಿತು. ಒಂದು ದಂಡು ಕೋಟ ಭಾರುವಿನಲ್ಲಿ ಇಳಿಯಿತು. ಉಳಿದದ್ದು ಗಡಿಯಾಚೆ ಥಾಯ್ಲೆಂಡಿನ ಸಿಂಗೋರ ಮತ್ತು ಪಟಾನಿಯಲ್ಲಿ. ಸಿಂಗೋರ ಅಂದರೆ ಈಗಿನ ಸೋಂಗ್‌ಖ್ಲಾ. ಅಲ್ಲಿನ ವಿಮಾನ ನಿಲ್ದಾಣ ಜಪಾನಿಗರ ಕೈಗೆ ಸಿಕ್ಕಿತು, ಅಲ್ಲಿಂದಲೇ ಅವರ ಫೈಟರ್‌ಗಳು ಹಾರತೊಡಗಿದವು. ಸ್ಕಾರ್ಫ್‌ನ ಸ್ಕ್ವಾಡ್ರನ್ ಇದ್ದ ಅಲೋರ್ ಸ್ಟಾರ್ ಮೇಲೂ ಬಾಂಬ್ ಬಿತ್ತು. ಉಳಿದ ವಿಮಾನಗಳು ತೆಂಕಣಕ್ಕೆ, ಪೆನಾಂಗ್ ದ್ವೀಪದ ಎದುರಿಗಿರುವ ಬಟರ್‌ವರ್ತ್‌ಗೆ ಬಂದವು.

ಮರುದಿನ, ಡಿಸೆಂಬರ್ 9, ಸಂಜೆ ಹೊತ್ತು. ಇರೋ ಬರೋ ಬ್ಲೆನ್‌ಹೈಮ್‌ಗಳೆಲ್ಲ ಒಟ್ಟಾಗಿ ಸಿಂಗೋರದ ಮೇಲೆ ದಾಳಿ ಮಾಡಬೇಕು ಅಂತ ಆದೇಶ. ವಿಮಾನಗಳು ಸಾಲಾಗಿ ನಿಂತಿದ್ದವು. ಸ್ಕಾರ್ಫ್‌ನ ವಿಮಾನ ಮೊದಲು ಮೇಲೆದ್ದಿತು. ಅದಾಗಿ ಕೆಲವೇ ಸೆಕೆಂಡು, ಜಪಾನಿ ವಿಮಾನಗಳು ಬಂದೇ ಬಿಟ್ಟವು. ಕೆಳಗಿದ್ದ ಬ್ಲೆನ್‌ಹೈಮ್‌ಗಳು ಹೊರಡುವ ಮುಂಚೆಯೇ ಸುಟ್ಟವು ಇಲ್ಲವೇ ಮುರಿದವು. ಒಂದೂ ಏಳಲಿಲ್ಲ.

ಸ್ಕಾರ್ಫ್ ಮೇಲೆ ಒಂದು ಸುತ್ತು ಹೊಡೆದ. ಕೆಳಗೆ ಆದದ್ದನ್ನು ಕಣ್ಣಾರೆ ನೋಡಿದ. ವಾಪಸ್ ಇಳಿದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಒಂಟಿ ವಿಮಾನದಲ್ಲಿ ಬಡಗಣಕ್ಕೆ ತಿರುಗಿದ. ಸಿಂಗೋರ ಅಲ್ಲಿಂದ ಸುಮಾರು 200 ಕಿಲೋಮೀಟರ್. ಹೋಗಿ ಬಾಂಬ್ ಹಾಕಿದ. ಫೈಟರ್‌ಗಳು ಬೆನ್ನು ಹತ್ತಿದವು. ಎಡಗೈ ಛಿದ್ರವಾಯಿತು, ಬೆನ್ನಿಗೂ ಗುಂಡು ಬಿತ್ತು. ಜೊತೆಗಿದ್ದವರು ಇಬ್ಬರು: ನ್ಯಾವಿಗೇಟರ್ ಕ್ಯಾಲ್ಡರ್, ಗನ್ನರ್ ರಿಚ್. ಅವರು ಆಧಾರ ಕೊಟ್ಟು ಕೂರಿಸಿಕೊಂಡರು. ಬಟರ್‌ವರ್ತ್ ತನಕ ಆಗಲಿಲ್ಲ. ನಡುದಾರಿಯ ಅಲೋರ್ ಸ್ಟಾರ್‌ನಲ್ಲಿ ಗದ್ದೆಯಲ್ಲಿ ಹೊಟ್ಟೆ ಮೇಲೆ ಇಳಿಸಿದ. ಕ್ಯಾಲ್ಡರ್, ರಿಚ್ ಇಬ್ಬರಿಗೂ ಏನೂ ಆಗಲಿಲ್ಲ. ಸ್ಕಾರ್ಫ್ ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ತೀರಿಕೊಂಡ.

ವಿಕ್ಟೋರಿಯಾ ಕ್ರಾಸ್ ಬಂತು, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಯಾವಾಗ? 1946ರ ಜೂನ್‌ನಲ್ಲಿ.

ಈಗ ಕೇಳಬೇಕಾದ ಪ್ರಶ್ನೆ. ಒಬ್ಬನೇ ಹೋಗಿದ್ದು ಸರಿನಾ? ನಿಮಗೆ ಏನನ್ನಿಸುತ್ತೆ?

ರನ್‌ವೇ_ಬದಿ

ಒಳ್ಳೇ ಎಳೆ ಬಾನಾಡಿ ಸರ್. ಆದರೆ ನಾನು ಎದುರು ಪಕ್ಷ.

ಪದಕದ ಜೊತೆ ಪ್ರಕಟವಾದ ಒಕ್ಕಣೆಯನ್ನೇ ತಗೊಳ್ಳಿ. ಈ ಒಂದು ವಿಮಾನದಿಂದ ಶತ್ರುವಿಗೆ ದೊಡ್ಡ ನಷ್ಟ ಆಗೋದಿಲ್ಲ ಅಂತ ಅವನಿಗೆ ಗೊತ್ತಿತ್ತು ಅಂತ ಅದರಲ್ಲೇ ಇದೆ. ಕೆಳಗೆ ತಮ್ಮ ವಿಮಾನ ಉರಿಯೋದನ್ನು ನೋಡುತ್ತಾ ನಿಂತವರಿಗೆ ಧೈರ್ಯ ಬರಲಿ ಅಂತ ಹೋದ, ಅಷ್ಟೇ. ಅಂದರೆ ಗುರಿ ಸಿಂಗೋರ ಅಲ್ಲ, ಬಟರ್‌ವರ್ತ್‌ನಲ್ಲಿ ನಿಂತಿದ್ದ ತನ್ನ ಹುಡುಗರ ಮನಸ್ಸು.

ಅದಕ್ಕೆ ಪಣಕ್ಕಿಟ್ಟದ್ದು ಏನು? ಒಂದು ಬ್ಲೆನ್‌ಹೈಮ್, ತನ್ನ ಜೀವ, ಜೊತೆಗೆ ಇನ್ನಿಬ್ಬರ ಜೀವ. ಬ್ಲೆನ್‌ಹೈಮ್‌ನ ಮೊದಲ ಮಾದರಿಯಲ್ಲಿ ಇದ್ದದ್ದು ಮುಂದಕ್ಕೆ ಒಂದು ಮಷಿನ್ ಗನ್, ಮೇಲಿನ ಗೋಪುರದಲ್ಲಿ (ಗನ್ನರ್ ಕೂರುವ ಗುಮ್ಮಟ) ಒಂದು. ಬಾಂಬ್ ಸುಮಾರು 450 ಕಿಲೋ. 1936ರಲ್ಲಿ ಇದು ಹಾರಿದಾಗ ಆಗಿನ ಫೈಟರ್‌ಗಳಿಗಿಂತ ವೇಗ ಜಾಸ್ತಿ ಅಂತ ಹೊಗಳಿದ್ದರು. ಐದೇ ವರ್ಷದಲ್ಲಿ ಅದು ಸುಲಭದ ಬೇಟೆ ಆಗಿತ್ತು. ಅದೇ ದಿನ ಮುಂಚೆ ಸಿಂಗೋರಕ್ಕೆ ಹೋಗಿದ್ದ ಬ್ಲೆನ್‌ಹೈಮ್‌ಗಳಲ್ಲಿ ಕೆಲವು ವಾಪಸ್ ಬರಲೇ ಇಲ್ಲ. ಗುಂಪಲ್ಲಿ ಹೋದವರ ಗತಿಯೇ ಹೀಗಾದರೆ ಒಂಟಿಯಾಗಿ ಹಗಲಲ್ಲಿ, ಕಾವಲು ಫೈಟರ್ ಇಲ್ಲದೆ?

ಧೈರ್ಯ ಇತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ನಿರ್ಧಾರ ಒಳ್ಳೇದಾ ಅನ್ನೋದು ಬೇರೆ ಪ್ರಶ್ನೆ.

ಹಳೇ_ಪೇಪರ್

ರನ್‌ವೇ ಅವರೇ, ಆವತ್ತಿನ ಸ್ಥಿತಿ ಸ್ವಲ್ಪ ನೋಡಿ ಆಮೇಲೆ ತೀರ್ಪು ಕೊಡೋಣ.

ಮಲಯಾ ಮತ್ತು ಸಿಂಗಾಪುರ ಕಾಯಲು 336 ವಿಮಾನ ಬೇಕು ಅಂತ ಲಂಡನ್ನಿನ ಸೇನಾ ಮುಖ್ಯಸ್ಥರೇ ಒಪ್ಪಿದ್ದರು. ಯುದ್ಧ ಶುರುವಾದ ದಿನ ಅಲ್ಲಿ ಇದ್ದದ್ದು 158. ಅದರಲ್ಲೂ ಟಾರ್ಪೆಡೊ ವಿಮಾನಗಳು ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿರುವ ವೈಲ್ಡ್‌ಬೀಸ್ಟ್‌ಗಳು. ಫೈಟರ್ ಅಂದರೆ ಬ್ರೂಸ್ಟರ್ ಬಫಲೋ. ಬೇರೆ ಕಡೆ ಯಾರಿಗೂ ಬೇಡವಾದದ್ದನ್ನು ಇಲ್ಲಿಗೆ ಕಳಿಸಿದ್ದರು ಅಂದರೆ ತಪ್ಪಾಗಲ್ಲ.

ಇನ್ನೊಂದು ವಿಷಯ. ಜಪಾನಿಗರು ಸಿಂಗೋರದಲ್ಲಿ ಇಳಿಯಬಹುದು ಅಂತ ಬ್ರಿಟಿಷರಿಗೆ ಮುಂಚೆಯೇ ಗೊತ್ತಿತ್ತು. ಅವರು ಬರುವ ಮೊದಲೇ ಥಾಯ್ಲೆಂಡಿಗೆ ನುಗ್ಗಿ ಸಿಂಗೋರ ಹಿಡಿದುಕೊಳ್ಳುವ ಯೋಜನೆಯೂ ಸಿದ್ಧ ಇತ್ತು. ಮ್ಯಾಟಡಾರ್ ಅಂತ ಅದರ ಹೆಸರು. ಥಾಯ್ಲೆಂಡ್ ತಟಸ್ಥ ದೇಶ, ಮೊದಲು ಕಾಲಿಟ್ಟವರು ನಾವಾಗಬಾರದು ಅಂತ ದಂಡನಾಯಕ ಬ್ರೂಕ್-ಪೋಪಮ್ ಹಿಂದೆ ಮುಂದೆ ನೋಡುತ್ತಾ ಕೂತರು. ಅಷ್ಟರಲ್ಲಿ ಜಪಾನಿಗರು ಇಳಿದೇ ಬಿಟ್ಟರು. ದೊಡ್ಡವರು ಕಾಲಾಡಿಸಿಕೊಂಡು ಕೂತಿದ್ದ ಲೆಕ್ಕ ಕೊನೆಗೆ ಬ್ಲೆನ್‌ಹೈಮ್‌ನಲ್ಲಿದ್ದ ಮೂವರ ತಲೆ ಮೇಲೆ ಬಂತು.

ಇನ್ನು ಆದೇಶ. 'ಸಿಂಗೋರದ ಮೇಲೆ ದಾಳಿ ಮಾಡಿ' ಅನ್ನೋದು ಆದೇಶ. ಅದನ್ನು ಯಾರೂ ರದ್ದು ಮಾಡಿರಲಿಲ್ಲ. ರದ್ದು ಮಾಡಬೇಕಾದವರು ಕೆಳಗೆ ಹಳ್ಳದಲ್ಲಿ ಮಲಗಿ ಬಾಂಬ್‌ನಿಂದ ತಲೆ ಉಳಿಸಿಕೊಳ್ಳುತ್ತಿದ್ದಿರಬೇಕು. ಹಾಗಾಗಿ ಅವನು ಆದೇಶ ಮೀರಿದ ಅನ್ನೋ ಹಾಗಿಲ್ಲ.

ರನ್‌ವೇ_ಬದಿ

ಆದೇಶ ಮೀರಿದ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ? ಕ್ಯಾಲ್ಡರ್‌ನ, ರಿಚ್‌ನ ಯಾರಾದರೂ ಕೇಳಿದರಾ ಅಂತ ನನ್ನ ಪ್ರಶ್ನೆ. ಫೈಟರ್ ಪೈಲಟ್ ಸಾಹಸ ಮಾಡಿದರೆ ಅವನ ತಲೆ ಅವನದ್ದು. ಬಾಂಬರ್‌ನಲ್ಲಿ ಹಾಗಲ್ಲ. ಸ್ಟಿಯರಿಂಗ್ ಒಬ್ಬನ ಕೈಲಿ, ಹೋಗೋ ಜೀವ ಮೂರು.

ಇನ್ನೊಂದು ಉದಾಹರಣೆ ಕೊಡ್ತೀನಿ. ಹ್ಯೂ ಮಾಲ್ಕಂ. ಅವನೂ ಬ್ಲೆನ್‌ಹೈಮ್ ಪೈಲಟ್, ಅವನಿಗೂ ವಿಕ್ಟೋರಿಯಾ ಕ್ರಾಸ್. 1942ರ ಡಿಸೆಂಬರ್ 4, ಟುನೀಸಿಯಾ. ಮುಂದಿನ ಸಾಲಿನ ಪದಾತಿ ಪಡೆ ಸಹಾಯ ಕೇಳಿತು. ಕಾವಲಿಗೆ ಫೈಟರ್ ಸಿಗಲಿಲ್ಲ. ಹೋದರೆ ಏನಾಗುತ್ತೆ ಅಂತ ಗೊತ್ತಿದ್ದೂ ಇಡೀ ಗುಂಪನ್ನು ಕರೆದುಕೊಂಡು ಹೋದ. ಬ್ಲೆನ್‌ಹೈಮ್‌ಗಳು ಒಂದೊಂದಾಗಿ ಉರುಳಿದವು, ಕೊನೆಗೆ ಅವನದೂ. ಅಲ್ಲಾದರೂ ಕೆಳಗೆ ಸೈನಿಕರು ಕಾಯುತ್ತಿದ್ದರು, ಒಂದು ಕಾರಣ ಇತ್ತು. ಆ ಹುಡುಗರ ಸಾವು ಓದುವಾಗ ನನಗೆ ಪದಕದ ಹೊಳಪು ಕಾಣೋದಿಲ್ಲ. ಸಿಟ್ಟು ಬರುತ್ತೆ.

ಸುಮ್ನೆ_ಓದುಗ

ಮಾಲ್ಕಂಗೆ ಪದಕ ಯಾವಾಗ ಬಂತು?

ರನ್‌ವೇ_ಬದಿ

1943ರ ಏಪ್ರಿಲ್. ಐದು ತಿಂಗಳೂ ಆಗಿರಲಿಲ್ಲ.

ಸುಮ್ನೆ_ಓದುಗ

ಸ್ಕಾರ್ಫ್‌ಗೆ ನಾಲ್ಕೂವರೆ ವರ್ಷ. ಇಷ್ಟೊಂದು ವ್ಯತ್ಯಾಸ ಯಾಕೆ?

ಹಳೇ_ಪೇಪರ್

ಸೋತವರ ಕಡೆ ಕಾಗದ ಉಳಿಯೋದಿಲ್ಲ, ಅದಕ್ಕೆ.

ದಿನಾಂಕ ನೋಡಿ. 9ಕ್ಕೆ ಸ್ಕಾರ್ಫ್ ಸತ್ತ. 10ಕ್ಕೆ ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎರಡೂ ದೊಡ್ಡ ಯುದ್ಧನೌಕೆ ಮುಳುಗಿದವು. 11ಕ್ಕೆ ಮಲಯಾದ ಬಡಗಣ ಗಡಿ ಹತ್ತಿರದ ಜಿತ್ರದಲ್ಲಿ ಕಾಳಗ ಶುರು, 13ರ ಹೊತ್ತಿಗೆ ಅದೂ ಮುಗಿಯಿತು. ಅದೇ ವಾರ ಪೆನಾಂಗ್ ಬಿಟ್ಟು ಹೊರಟರು. ಫೆಬ್ರವರಿ 15ಕ್ಕೆ ಸಿಂಗಾಪುರವೇ ಶರಣಾಯಿತು. ಸ್ಕ್ವಾಡ್ರನ್‌ಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತಾ ಇದ್ದವು. ದಾಖಲೆ ಸುಟ್ಟವು, ಕಂಡವರು ಚೆದುರಿಹೋದರು, ಬಹಳ ಜನ ಸೆರೆ ಸಿಕ್ಕರು. ಇಂಥವನು ಇಂಥಾ ಕೆಲಸ ಮಾಡಿದ ಅಂತ ಶಿಫಾರಸು ಬರೆಯೋಕೆ ಮೇಜು ಕುರ್ಚಿ ಬೇಕಲ್ವಾ? ಯುದ್ಧ ಮುಗಿದ ಮೇಲೆ ತುಂಡು ತುಂಡು ವಿಷಯ ಜೋಡಿಸಿದರು. ಆಗ ಪೂರ್ತಿ ಗೊತ್ತಾಯಿತು.

ಮಾಲ್ಕಂ ಸತ್ತದ್ದು ಗೆಲ್ಲುತ್ತಿದ್ದ ಸೇನೆಯಲ್ಲಿ. ಅಲ್ಲಿ ಟೈಪ್‌ರೈಟರ್ ಇತ್ತು.

ವಾರ್ಡ್_ನಂಬರ್_ಏಳು

ನಾನು ಯುದ್ಧದ ವಿಷಯ ಜಾಸ್ತಿ ಓದಿದವಳಲ್ಲ. ನರ್ಸ್ ಕೆಲಸ, ಅದಕ್ಕೆ ಆಸ್ಪತ್ರೆಯ ಭಾಗ ನೋಡಿದಾಗ ನಿಂತೆ. ಬಾನಾಡಿಯವರು ಒಂದು ವಿಷಯ ಬಿಟ್ಟಿದ್ದಾರೆ. ಸ್ಕಾರ್ಫ್‌ನ ಹೆಂಡತಿ ಸ್ಯಾಲಿ ಅಲೋರ್ ಸ್ಟಾರ್ ಆಸ್ಪತ್ರೆಯಲ್ಲೇ ನರ್ಸ್. ಗಂಡನನ್ನು ತಂದಾಗ ರಕ್ತ ಬೇಕಾಯಿತು. ಗುಂಪು ಹೊಂದಿದ್ದು ಅವಳದ್ದೇ. ಎರಡು ಪೈಂಟ್ ಕೊಟ್ಟಳು ಅನ್ನುತ್ತಾರೆ.

ಎರಡು ಪೈಂಟ್ ಅಂದರೆ ಒಂದು ಲೀಟರ್‌ಗಿಂತ ಜಾಸ್ತಿ. ಈಗ ರಕ್ತದಾನಕ್ಕೆ ಹೋದರೆ ಒಮ್ಮೆಗೆ 350 ಇಲ್ಲ 450 ಮಿಲಿ ಲೀಟರ್ ತಗೋತಾರೆ, ಆಮೇಲೆ ಜ್ಯೂಸ್ ಕೊಟ್ಟು ಕೂರಿಸ್ತಾರೆ. ಒಂದೇ ಸಲ ಒಂದು ಲೀಟರ್ ಹೋದರೆ ಕೊಟ್ಟವರಿಗೇ ತಲೆ ಸುತ್ತುತ್ತೆ, ನಾಡಿ ಓಡುತ್ತೆ. ಅವಳು ಹಾಗೇ ಕೊಟ್ಟಳು.

ಕೈಯ ಗಾಯ ಒಂದೇ ಆಗಿದ್ದರೆ ಬಿಗಿಯಾಗಿ ಕಟ್ಟಿ ಉಳಿಸಬಹುದಿತ್ತು. ಬೆನ್ನಿನ ಗಾಯಕ್ಕೆ ಹಾಗೆ ಕಟ್ಟೋಕಾಗಲ್ಲ. ಒಳಗೆ ಸುರಿಯುತ್ತಾ ಇದ್ದರೆ ಹೊರಗಿನಿಂದ ಎಷ್ಟು ಕೊಟ್ಟರೂ ಸಾಲದು. ಅಷ್ಟು ರಕ್ತ ಹೋದ ಮನುಷ್ಯನಿಗೆ ಕಣ್ಣು ಕತ್ತಲೆ ಬರುತ್ತೆ, ಚಳಿ ಹತ್ತುತ್ತೆ, ಎದುರಿಗೆ ಇರೋರು ಯಾರು ಅಂತ ತಿಳಿಯಲ್ಲ. ಆ ಸ್ಥಿತಿಯಲ್ಲಿ ವಿಮಾನ ಇಳಿಸಿದ ಅನ್ನೋದನ್ನು ನಂಬೋಕೆ ನನಗೆ ಕಷ್ಟ ಆಗ್ತಿದೆ. ಅದು ಹೇಗೆ ಸಾಧ್ಯ? ತಿಳಿದವರು ಹೇಳಿ.

ಟರ್ಬೋ_ತಿಮ್ಮ

ಮೇಡಂ, ನಾನು ವಿಮಾನ ರಿಪೇರಿ ಕೆಲಸದಿಂದ ನಿವೃತ್ತ. ಬ್ಲೆನ್‌ಹೈಮ್ ಮುಟ್ಟಿದವನಲ್ಲ, ಅದು ನನಗಿಂತ ಹಳೇದು. ಆದರೆ ಅದರ ಒಳಗಿನ ವ್ಯವಸ್ಥೆ ಗೊತ್ತು.

ಮೂತಿಯಲ್ಲಿ ಎಡಕ್ಕೆ ಪೈಲಟ್, ಪಕ್ಕದಲ್ಲಿ ನ್ಯಾವಿಗೇಟರ್. ಗನ್ನರ್ ಮಾತ್ರ ದೂರ, ರೆಕ್ಕೆಯ ಹಿಂದಿನ ಗೋಪುರದಲ್ಲಿ. ನಡುವೆ ರೆಕ್ಕೆಯ ದೊಡ್ಡ ತೊಲೆ ಅಡ್ಡ ಇರುತ್ತೆ. ಮುಂದೆ ಬರಬೇಕು ಅಂದರೆ ಆ ಇಕ್ಕಟ್ಟಿನಲ್ಲಿ ತೆವಳಿಕೊಂಡು ಬರಬೇಕು. ವಿಮಾನ ಅಲುಗಾಡುತ್ತಾ ಇರುವಾಗ ಅದೇನು ಸುಲಭದ ಕೆಲಸ ಅಲ್ಲ. ಫೈಟರ್‌ಗಳು ಬೆನ್ನ ಹಿಂದೆ ಇರುವಷ್ಟೂ ಹೊತ್ತು ರಿಚ್ ತನ್ನ ಗನ್ ಬಿಡುವ ಹಾಗಿರಲಿಲ್ಲ. ಅವನ ಗನ್‌ಗೆ ಗುಂಡಿನ ಪಟ್ಟಿ ಇಲ್ಲ, ಗುಂಡು ತುಂಬಿದ ತಟ್ಟೆಯಂಥ ಡ್ರಮ್. ಖಾಲಿಯಾದಾಗೆಲ್ಲ ಕಿತ್ತು ಇನ್ನೊಂದು ಹಾಕಬೇಕು. ಮಲಯಾ ಗಡಿ ದಾಟುವ ತನಕ ಅಟ್ಟಿಸಿಕೊಂಡು ಬಂದರಂತೆ. ಅದಾದ ಮೇಲೆ ಮುಂದೆ ಬಂದು ಸ್ಕಾರ್ಫ್‌ನ ಹಿಂದಿನಿಂದ ತಬ್ಬಿ ನೆಟ್ಟಗೆ ಕೂರಿಸಿದ. ಕ್ಯಾಲ್ಡರ್ ಪಕ್ಕದಿಂದ ಕೈ ಹಾಕಿದ.

ಮುಖ್ಯ ವಿಷಯ ಇಲ್ಲಿದೆ. ಯುದ್ಧಕ್ಕೆ ಹೋಗುವ ಬ್ಲೆನ್‌ಹೈಮ್‌ಗೆ ಒಂದೇ ಜೊತೆ ಕಂಟ್ರೋಲ್. ಎರಡನೇ ಪೈಲಟ್ ಇಲ್ಲ, ಪೆಡಲ್ ಇಲ್ಲ. ಕ್ಯಾಲ್ಡರ್ ಪಕ್ಕದಿಂದ ಹಿಡಿದು ನೇರ ಹೋಗೋ ಹಾಗೆ ನೋಡಿಕೊಳ್ಳಬಹುದು. ಇಳಿಸೋಕಾಗಲ್ಲ. ಇಳಿಸುವಾಗ ವೇಗ ಎಷ್ಟಿದೆ, ಮೂತಿ ಎಷ್ಟೆತ್ತಬೇಕು ಅನ್ನೋದು ಕೈಗೆ ಗೊತ್ತಿರಬೇಕು. ಆ ಕೆಲವು ನಿಮಿಷ ಸ್ಕಾರ್ಫ್‌ಗೆ ಎಚ್ಚರ ಇದ್ದೇ ಇತ್ತು, ಬೇರೆ ದಾರಿಯಿಲ್ಲ. ಧುಮುಕೋಣ ಅಂದರೆ ತಪ್ಪಿಸಿಕೊಳ್ಳಲು ಮರದ ತಲೆ ಮಟ್ಟಕ್ಕೆ ಇಳಿದಿದ್ದರು, ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರ ಸಾಲದು.

ಚಕ್ರ ಇಳಿಸದೆ ಗದ್ದೆಗೆ ಇಳಿದದ್ದೂ ಬುದ್ಧಿವಂತಿಕೆ. ಮೆದು ಮಣ್ಣಿಗೆ ಚಕ್ರ ಹೂತರೆ ಮೂತಿ ನೆಲಕ್ಕೆ ಬಡಿದು ವಿಮಾನ ಮಗುಚುತ್ತೆ. ಗಾಜಿನ ಮೂತಿಯಲ್ಲಿ ಕೂತ ಇಬ್ಬರೂ ಪುಡಿಪುಡಿ. ಹೊಟ್ಟೆ ಮೇಲೆ ಇಳಿದರೆ ಕೆಸರಲ್ಲಿ ಜಾರಿಕೊಂಡು ಹೋಗಿ ನಿಲ್ಲುತ್ತೆ. ಅವನು ಅದನ್ನೇ ಮಾಡಿದ್ದು.

ವಾರ್ಡ್_ನಂಬರ್_ಏಳು

ತುಂಬಾ ಥ್ಯಾಂಕ್ಸ್ ಸರ್. ಈಗ ಕಣ್ಣಿಗೆ ಕಟ್ಟಿತು.

ಮಲೆನಾಡ_ಬಾನಾಡಿ

ತಿಮ್ಮಣ್ಣ, ನೀವು ಹೇಳಿದ್ದರಿಂದ ನನ್ನ ಪ್ರಶ್ನೆಯ ಮುಖವೇ ತಿರುಗಿತು.

ಸ್ಕಾರ್ಫ್ ಬಗ್ಗೆ ಎಲ್ಲರೂ ಹೇಳೋದು ಆ ಒಂದು ಕ್ಷಣ: ಬಟರ್‌ವರ್ತ್ ಮೇಲೆ ಸುತ್ತು ಹೊಡೆದು ಬಡಗಣಕ್ಕೆ ತಿರುಗಿದ್ದು. ಪದಕದ ಒಕ್ಕಣೆಯಲ್ಲೂ ಜಾಸ್ತಿ ತೂಕ ಅದಕ್ಕೇ. ಇಳಿಸಿದ್ದಕ್ಕೆ ಒಂದೇ ಸಾಲು. ಆದರೆ ತಿರುಗುವಾಗ ಅವನ ಮೈಯಲ್ಲಿ ಗಾಯ ಇರಲಿಲ್ಲ. ಸಿಟ್ಟಿತ್ತು. ಗೆಳೆಯರ ವಿಮಾನ ಉರಿಯೋದನ್ನು ಆಗತಾನೆ ನೋಡಿದ್ದ. ಅಂಥಾ ಹೊತ್ತಲ್ಲಿ ಮುನ್ನುಗ್ಗೋದು ಬಿಸಿ ರಕ್ತದ ಕೆಲಸ. ಇನ್ನೂ ಹಲವರು ಹಾಗೇ ಮಾಡುತ್ತಿದ್ದರೇನೋ.

ವಾಪಸ್ ಬಂದದ್ದು ಹಾಗಲ್ಲ. ಕೈ ಹೋಗಿದೆ. ತಾನು ಉಳಿಯೋದು ಅನುಮಾನ ಅಂತ ಗೊತ್ತಾಗಿರಬೇಕು. ಇನ್ನು ಮಾಡೋದೆಲ್ಲ ಪಕ್ಕದಲ್ಲಿರುವ ಇಬ್ಬರಿಗಾಗಿ. ಬಟರ್‌ವರ್ತ್ ಆಗಲ್ಲ ಅಂತ ಗೊತ್ತಾದಾಗ ಹತ್ತಿರದ ಅಲೋರ್ ಸ್ಟಾರ್ ಆರಿಸಿದ. ಅದು ಅವನ ಹಳೇ ಸ್ಟೇಷನ್, ನೆಲ ಪರಿಚಯ. ಚಕ್ರ ಎತ್ತಿಕೊಂಡೇ ಇಳಿಸಿದ.

ರನ್‌ವೇ ಅವರೇ, ಆ ಇಬ್ಬರನ್ನು ಕೇಳಿದರಾ ಅಂದಿರಿ. ಹೋಗುವಾಗ ಕೇಳಿರಲಿಕ್ಕಿಲ್ಲ. ಬರುವಾಗ ಮಾತ್ರ ಅವರ ಲೆಕ್ಕ ಪೂರ್ತಿ ಚುಕ್ತಾ ಮಾಡಿದ. ನಾನಾಗಿದ್ದರೆ ಪದಕ ಆ ಗದ್ದೆಗೆ ಕೊಡುತ್ತಿದ್ದೆ, ಸಿಂಗೋರಕ್ಕಲ್ಲ.

ರನ್‌ವೇ_ಬದಿ

ಇದನ್ನು ಒಪ್ತೀನಿ. ಹೋದದ್ದನ್ನು ಮಾತ್ರ ಇನ್ನೂ ಒಪ್ಪಲ್ಲ, ಹೇಳಿಬಿಟ್ಟಿದ್ದೀನಿ.

ಅಂದಹಾಗೆ ಕ್ಯಾಲ್ಡರ್‌ಗೆ ಡಿಎಫ್‌ಎಂ (ಬ್ರಿಟಿಷ್ ವಾಯುಪಡೆಯ ಶೌರ್ಯ ಪದಕ) ಸಿಕ್ಕಿದೆ. ಅವನ ಹೆಸರನ್ನೂ, ರಿಚ್ ಹೆಸರನ್ನೂ ಈ ಎಳೆಯ ತಲೆಬರಹಕ್ಕೆ ಸೇರಿಸಬೇಕಿತ್ತು.

ಕೆಂಡಸಂಪಿಗೆ_22

ಎಲ್ಲರಿಗೂ ನಮಸ್ಕಾರ. ಬೇಜಾರು ಮಾಡ್ಕೋಬೇಡಿ, ನೇರ ಕೇಳ್ತೀನಿ. ಬ್ರಿಟಿಷ್ ಪೈಲಟ್, ಬ್ರಿಟಿಷ್ ಪದಕ, ಬ್ರಿಟಿಷರ ವಸಾಹತು. ನಮ್ಮನ್ನು ಆಳುತ್ತಿದ್ದವರ ಹೀರೋಗೆ ಕನ್ನಡದಲ್ಲಿ ಇಷ್ಟುದ್ದ ಚರ್ಚೆ ಯಾಕೆ?

ಹಳೇ_ಪೇಪರ್

ಬೇಜಾರೇನಿಲ್ಲ, ಕೇಳಬೇಕಾದ್ದೇ.

ಆ ಗಡಿಯಲ್ಲಿ ನೆಲದ ಮೇಲೆ ನಿಂತಿದ್ದವರು ಯಾರು ಗೊತ್ತಾ? ಭಾರತೀಯರು. 11ನೇ ಇಂಡಿಯನ್ ಡಿವಿಷನ್. ಸಿಂಗೋರದಿಂದ ಹೊರಟ ಜಪಾನಿ ಪಡೆ ಎರಡೇ ದಿನದಲ್ಲಿ ಅಲೋರ್ ಸ್ಟಾರ್‌ನ ಬಡಗಣಕ್ಕಿರುವ ಜಿತ್ರದಲ್ಲಿ ಇವರ ಮೇಲೆ ಬಿತ್ತು. ಮಳೆ, ಕೆಸರು, ಅರ್ಧ ತೋಡಿದ ಕಂದಕ. ಜಪಾನಿಗರ ಹತ್ತಿರ ಟ್ಯಾಂಕ್ ಇತ್ತು, ಇವರ ಹತ್ತಿರ ಒಂದೂ ಇಲ್ಲ. ತಲೆ ಮೇಲೆ ಬ್ರಿಟಿಷ್ ವಿಮಾನದ ಸುಳಿವೇ ಇಲ್ಲ. ಬಟರ್‌ವರ್ತ್‌ನಲ್ಲಿ ಸುಟ್ಟುಹೋದ ಬ್ಲೆನ್‌ಹೈಮ್‌ಗಳು ಇದ್ದಿದ್ದರೆ ಯಾರಿಗೆ ಆಸರೆ ಆಗುತ್ತಿತ್ತು ಅಂತ ಯೋಚನೆ ಮಾಡಿ.

ಇನ್ನೂ ಇದೆ. ಜಿತ್ರದಲ್ಲಿ ಚೆದುರಿಹೋದವರಲ್ಲಿ 1/14 ಪಂಜಾಬ್ ರೆಜಿಮೆಂಟಿನ ಕ್ಯಾಪ್ಟನ್ ಮೋಹನ್ ಸಿಂಗ್ ಒಬ್ಬರು. ಅವರು ಜಪಾನಿಗರ ಕೈಗೆ ಸಿಕ್ಕಿದರು. ಜಪಾನಿ ಅಧಿಕಾರಿ ಫುಜಿವಾರನ ಜೊತೆ ಮಾತುಕತೆ ನಡೆದದ್ದು ಇದೇ ಅಲೋರ್ ಸ್ಟಾರ್‌ನಲ್ಲಿ, ಡಿಸೆಂಬರ್ ನಡುವಿನಲ್ಲಿ. ಆಜಾದ್ ಹಿಂದ್ ಫೌಜ್‌ನ ಬೇರು ಅಲ್ಲಿದೆ. ಅಂದರೆ ಸ್ಕಾರ್ಫ್ ಸತ್ತ ಊರಲ್ಲೇ, ಒಂದು ವಾರದ ಒಳಗೆ, ಬ್ರಿಟಿಷರ ವಿರುದ್ಧ ಭಾರತೀಯ ಸೇನೆ ಕಟ್ಟುವ ಮಾತು ಶುರುವಾಯಿತು.

ಈ ಎರಡೂ ಕಥೆಯನ್ನು ಒಟ್ಟಿಗೆ ಹೇಳಿದವರು ಕಡಿಮೆ. ಆ ಕಡೆಯವರು ಸ್ಕಾರ್ಫ್ ಹೇಳ್ತಾರೆ, ಈ ಕಡೆಯವರು ಮೋಹನ್ ಸಿಂಗ್ ಹೇಳ್ತಾರೆ.

ಕೆಂಡಸಂಪಿಗೆ_22

ಇದು ಗೊತ್ತೇ ಇರಲಿಲ್ಲ. ಸರಿ, ಮುಂದುವರಿಸಿ, ನಾನೂ ಕೂತೆ.

ಪೆನಾಂಗ್_ಕನ್ನಡಿಗ

ನಾನು ಇಲ್ಲೇ ಪೆನಾಂಗ್‌ನಲ್ಲಿ ಚಿಪ್ ಫ್ಯಾಕ್ಟರಿ ಕೆಲಸದಲ್ಲಿದ್ದೀನಿ. ಬಟರ್‌ವರ್ತ್ ಅಂದರೆ ನಮಗೆ ಫೆರಿ ಇಳಿಯೋ ಜಾಗ, ರೈಲು ಹತ್ತೋ ಜಾಗ. ವಾಯುನೆಲೆ ಈಗ ಮಲೇಷ್ಯಾದ್ದು. ಮುಂಚೆ ಬಹಳ ವರ್ಷ ಆಸ್ಟ್ರೇಲಿಯಾದವರು ನಡೆಸುತ್ತಿದ್ದರು. ಒಳಗೆ ಸುಮ್ಮನೆ ಹೋಗೋಕೆ ಬಿಡಲ್ಲ.

ಅಲೋರ್ ಸ್ಟಾರ್ ಹೆಸರು ಈಗ ಅಲೋರ್ ಸೆತಾರ್ ಅಂತ ಬರೀತಾರೆ. ಕೆಡಾ ರಾಜ್ಯದ ರಾಜಧಾನಿ. ಕೆಡಾ ಅಂದರೆ ಮಲೇಷ್ಯಾದ ಭತ್ತದ ಕಣಜ. ರೈಲಲ್ಲಿ ಹೋದರೆ ಎರಡೂ ಕಡೆ ಗದ್ದೆಯೋ ಗದ್ದೆ, ಚಪ್ಪಟೆ ನೆಲ. ತಿಮ್ಮಣ್ಣ ಹೇಳಿದ ಹಾಗೆ ವಿಮಾನ ಹೊಟ್ಟೆ ಮೇಲೆ ಇಳಿಸಬೇಕು ಅಂದರೆ ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ.

ಸ್ಕಾರ್ಫ್‌ನ ಸಮಾಧಿ ಇರೋದು ತೈಪಿಂಗ್ ಯುದ್ಧ ಸ್ಮಶಾನದಲ್ಲಿ. ತೈಪಿಂಗ್ ಪೆರಾಕ್ ರಾಜ್ಯದಲ್ಲಿದೆ, ಬಟರ್‌ವರ್ತ್‌ನಿಂದ ರೈಲಲ್ಲೇ ಹೋಗಬಹುದು. ಬೆಟ್ಟದ ಬುಡದ ಊರು. ನಮ್ಮ ಆಗುಂಬೆಯ ಹಾಗೆ ಮಳೆಗೆ ಹೆಸರಾದ್ದು, ಛತ್ರಿ ಇಲ್ಲದೆ ಹೋಗಬೇಡಿ. ಸ್ಮಶಾನದ ನಡುವೆ ರಸ್ತೆ ಹಾದುಹೋಗುತ್ತೆ. ಒಂದು ಕಡೆ ಶಿಲುಬೆ ಕೆತ್ತಿದ ಕಲ್ಲುಗಳು, ಇನ್ನೊಂದು ಕಡೆ ನಮ್ಮವರದ್ದು, ಗೂರ್ಖಾಗಳದ್ದು. ಹೆಸರೇ ಗೊತ್ತಿಲ್ಲದ ಕಲ್ಲುಗಳು ಬಹಳ. ಸ್ಕಾರ್ಫ್‌ನ ಕಲ್ಲಿನ ಮುಂದೆ ನಿಂತು ಫೋಟೋ ತೆಗೆಯೋರು ರಸ್ತೆ ದಾಟಿ ಆ ಕಡೆಗೂ ಹೋಗಿ ಬನ್ನಿ ಅಂತ ನನ್ನ ಕೋರಿಕೆ.

ಕಾಫಿತೋಟ_ಕೊಡಗು

ತಡವಾಗಿ ಬಂದ ಪದಕದ ಮಾತು ಬಂದಾಗ ನಮ್ಮವರನ್ನು ಬಿಟ್ಟರೆ ಹೇಗೆ?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಕೊಡಗಿನವರು. 1965ರ ಸೆಪ್ಟೆಂಬರ್ 7. ಆದಂಪುರದಿಂದ ನಂ. 1 ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆ ಮೇಲೆ ದಾಳಿಗೆ ಹೊರಟವು. ಮಿಸ್ಟೇರ್ ಪೂರ್ತಿ ಬಾಂಬರ್ ಅಲ್ಲ, ಫೈಟರ್-ಬಾಂಬರ್. ದೇವಯ್ಯನವರು ಆವತ್ತು ಮುಖ್ಯ ಪಟ್ಟಿಯಲ್ಲೇ ಇರಲಿಲ್ಲ, ಯಾವುದಾದರೂ ವಿಮಾನ ಕೈಕೊಟ್ಟರೆ ಅಂತ ಕಾದಿದ್ದವರು. ಒಂದು ಕೈಕೊಟ್ಟಿತು. ಇವರು ಹೋದರು, ವಾಪಸ್ ಬರಲಿಲ್ಲ.

ಏನಾಯಿತು ಅಂತ ಸ್ಕ್ವಾಡ್ರನ್‌ಗೆ ಗೊತ್ತಾಗಲಿಲ್ಲ. ಕಾಣೆಯಾದವರು ಅಂತ ಬರೆದರು. ನಿಜ ಹೊರಗೆ ಬಂದದ್ದು 1979ರಲ್ಲಿ, ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬ್ರಿಟಿಷ್ ಬರಹಗಾರರೊಬ್ಬರು ಬರೆದ ಪುಸ್ತಕದಿಂದ. ಪಾಕಿಸ್ತಾನದ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಅಡ್ಡ ಬಂದಿದ್ದರು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು, ಮಿಸ್ಟೇರ್ ಅದರ ಮುಂದೆ ಏನೇನೂ ಅಲ್ಲ. ಗುಂಡು ತಗುಲಿದ ಮೇಲೂ ದೇವಯ್ಯ ತಿರುಗಿ ಬಿದ್ದರು, ಕಾದಾಡಿದರು, ಸ್ಟಾರ್‌ಫೈಟರ್ ಉರುಳಿತು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಅಲ್ಲೇ ಬಿದ್ದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ.

ಸ್ಕಾರ್ಫ್ ಜೊತೆ ಬದುಕಿ ಬಂದವರು ಇಬ್ಬರಿದ್ದರು. ದೇವಯ್ಯನವರದ್ದು ಒಂಟಿ ಸೀಟಿನ ವಿಮಾನ. ಅವರ ಸಾಕ್ಷಿ ಶತ್ರುವಿನ ಕಡೆ ಇತ್ತು.

ಸುಮ್ನೆ_ಓದುಗ

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ ಅಲ್ವಾ? ಬಸ್‌ಗೆ ಕಾಯುವಾಗ ನೋಡಿದ್ದೀನಿ, ಇಷ್ಟು ಕಥೆ ಗೊತ್ತಿರಲಿಲ್ಲ.

ಕಾಫಿತೋಟ_ಕೊಡಗು

ಹೌದು, ಖಾಸಗಿ ಬಸ್ ನಿಲ್ದಾಣದ ಹತ್ತಿರ. ಊರವರಿಗೆ ಹೆಸರು ಬಾಯಿಪಾಠ, ಪ್ರವಾಸಕ್ಕೆ ಬರೋರು ರಾಜಾಸೀಟ್ ಎಲ್ಲಿ ಅಂತ ಮಾತ್ರ ಕೇಳ್ತಾರೆ.

ರನ್‌ವೇ_ಬದಿ

ದೇವಯ್ಯನವರ ವಿಷಯದಲ್ಲಿ ನನ್ನ ತಕರಾರೇ ಇಲ್ಲ. ಒಂಟಿ ಸೀಟು, ತಪ್ಪಿಸಿಕೊಳ್ಳಲಾಗದ ಕಾಳಗ. ಪೆಟ್ಟು ತಿಂದ ವಿಮಾನವನ್ನು ಶತ್ರುವಿನ ಕಡೆಗೆ ತಿರುಗಿಸಿದ್ದು ಪೂರ್ತಿ ಅವರ ನಿರ್ಧಾರ. ನಾನು ಅಳೆಯೋದು ಇದೇ ಗಜಕಡ್ಡಿಯಲ್ಲಿ: ಬೇರೆಯವರ ತಲೆ ಪಣಕ್ಕಿಟ್ಟರಾ, ಇಲ್ಲವಾ?

ಟರ್ಬೋ_ತಿಮ್ಮ

ನಿಮ್ಮ ಗಜಕಡ್ಡಿ ಸರಿ ಇದೆ ಮಾರಾಯ್ರೇ, ಆದರೆ ಬಾಂಬರ್‌ಗೆ ಅದು ಹೊಂದಲ್ಲ. ಬಾಂಬರ್ ಪೈಲಟ್ ಪ್ರತಿ ದಿನ ಬೇರೆಯವರ ತಲೆ ಪಣಕ್ಕಿಟ್ಟೇ ಎಂಜಿನ್ ಸ್ಟಾರ್ಟ್ ಮಾಡೋದು. ಅವರ ಅಳತೆ ಬೇರೆ. ಕರೆದುಕೊಂಡು ಹೋದವರಿಗಾಗಿ ಕೊನೇ ತನಕ ಏನು ಮಾಡಿದ ಅನ್ನೋದು. ಯುರೋಪಿನ ಮೇಲೆ ರಾತ್ರಿ ದಾಳಿಗೆ ಹೋದವರಲ್ಲೂ ಇದೇ ಕಥೆ ಸಿಗುತ್ತೆ. 1942ರ ಮೇ ಕೊನೆಗೆ ಕಲೋನ್ ಮೇಲೆ ಸಾವಿರ ಬಾಂಬರ್‌ಗಳ ದಾಳಿ ಆಯ್ತಲ್ಲ, ಅದರಲ್ಲಿ ಲೆಸ್ಲಿ ಮ್ಯಾನ್ಸರ್ ಅಂತ ಇಪ್ಪತ್ತರ ಹುಡುಗ. ಮ್ಯಾಂಚೆಸ್ಟರ್ ವಿಮಾನ, ಒಂದು ಎಂಜಿನ್‌ಗೆ ಬೆಂಕಿ. ಉಳಿದವರೆಲ್ಲ ಧುಮುಕಲಿ ಅಂತ ಅದನ್ನು ನೇರವಾಗಿ ಹಿಡಿದು ಕೂತ. ಅವನಿಗೆ ಕೊಡಲು ಬಂದ ಪ್ಯಾರಾಚೂಟನ್ನೂ ಬೇಡ ಅಂದ. ವಿಮಾನದ ಜೊತೆ ಅವನೂ ಹೋದ. ಅವನಿಗೂ ವಿಕ್ಟೋರಿಯಾ ಕ್ರಾಸ್.

ಹಳೇ_ಪೇಪರ್

ಸ್ಕಾರ್ಫ್ ಪದಕದ ಈಗಿನ ಕಥೆಯನ್ನೂ ಹೇಳಿಬಿಡ್ತೀನಿ. 1946ರಲ್ಲಿ ದೊರೆ ಆರನೇ ಜಾರ್ಜ್ ಅದನ್ನು ಸ್ಯಾಲಿಯ ಕೈಗೆ ಕೊಟ್ಟರು. 2022ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂತು, 6 ಲಕ್ಷ 60 ಸಾವಿರ ಪೌಂಡ್‌ಗೆ ಹೋಯಿತು. ದೇಶ ಬಿಟ್ಟು ಹೋಗುತ್ತೆ ಅಂತಾದಾಗ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಆ ಅವಧಿಯಲ್ಲಿ ಹಣ ಹೊಂದಿಸಿ ಅಲ್ಲಿನ ವಾಯುಪಡೆ ಮ್ಯೂಸಿಯಂ ಕೊಂಡುಕೊಂಡಿತು.

ಕೆಂಡಸಂಪಿಗೆ_22

ಪದಕ ಮಾರೋದಾ? ಅಪ್ಪನ ಪದಕ ನಾನಂತೂ ಮಾರಲ್ಲ.

ವಾರ್ಡ್_ನಂಬರ್_ಏಳು

ಹಾಗೆ ಹೇಳೋದು ಸುಲಭ. ಆ ಮನೆಯ ಕಷ್ಟ ಸುಖ ನಮಗೇನು ಗೊತ್ತು? ಬೀರುವಿನಲ್ಲಿ ಇದ್ದರೆ ನಾಲ್ಕು ಜನ ನೋಡ್ತಾರೆ. ಮ್ಯೂಸಿಯಂನಲ್ಲಿ ಇದ್ದರೆ ಊರೆಲ್ಲ ನೋಡುತ್ತೆ. ನನಗೆ ಬೇಕಾದ್ದು ಒಂದೇ, ಪಕ್ಕದ ಫಲಕದಲ್ಲಿ ಸ್ಯಾಲಿ ಕೊಟ್ಟ ರಕ್ತದ ಬಗ್ಗೆಯೂ ಒಂದು ಸಾಲು ಇರಲಿ.

ಮಲೆನಾಡ_ಬಾನಾಡಿ

ದೇವಯ್ಯನವರ ಬಗ್ಗೆ ಬೇರೆಯೇ ಎಳೆ ಬೇಕು. ಕಾಫಿತೋಟ ಅವರೇ, ನೀವೇ ಶುರು ಮಾಡಿ. ಸರ್ಗೋಧಾ ದಾಳಿಯ ನಕ್ಷೆ, ಆದಂಪುರದಿಂದ ಇದ್ದ ದೂರ, ಇಂಧನದ ಲೆಕ್ಕ ಎಲ್ಲ ಅಲ್ಲಿ ಹಾಕೋಣ. ತಿಮ್ಮಣ್ಣ ಮಿಸ್ಟೇರ್ ಬಗ್ಗೆ ಬರೆಯಲಿ.

ಟರ್ಬೋ_ತಿಮ್ಮ

ಬರೀತೀನಿ. ಭಾನುವಾರ ತನಕ ಟೈಮ್ ಕೊಡಿ, ಮೊಮ್ಮಗಳು ಬಂದಿದ್ದಾಳೆ.